ಹಾಸನ ಸೀಮೆಯ ಮಹಿಳಾ ಕಾಲೇಜುಗಳ ಕ್ರೀಡಾ ಚರಿತ್ರೆ

ಹಾಸನ ಸೀಮೆಯ ಕಾಲೇಜು ಹುಡುಗಿಯರ ಕ್ರೀಡೆ ನೆಲ ಸಿಕ್ಕಷ್ಟು, ಬಸ್ಸು ಸಿಕ್ಕಷ್ಟು ಬೆಳೆದಿದೆ. ಓಟ, ಜಿಗಿತ, ಎಸೆತಗಳ ಅಥ್ಲೆಟಿಕ್ಸ್ ಒಂದು ಬಗೆ; ಕೊಕ್ಕೊ, ಕಬಡ್ಡಿ, ಥ್ರೋಬಾಲ್, ವಾಲಿಬಾಲ್, ಬಾಲ್ ಬ್ಯಾಡ್ಮಿಂಟನ್, ಟೆನ್ನಿಕಾಯ್ಟ್‌ನಂಥ ಅಂಕಣದ ಆಟಗಳು ಇನ್ನೊಂದು ಬಗೆ. ಎರಡನೆಯ ಬಗೆ ಬೇಗ ಬೇರುಬಿಟ್ಟಿತು. ಮೊದಲನೆಯದು ವರ್ಷಕ್ಕೊಮ್ಮೆ ಬರುವ ಕ್ರೀಡಾಕೂಟದ ಸುತ್ತಲೇ ಬಹುಕಾಲ ಸುತ್ತಿತು. ಹಾಸನದ ಎ.ವಿ. ಕಾಂತಮ್ಮ ಮಹಿಳಾ ಕಾಲೇಜು, ಅಲ್ಲಿನ ಸರ್ಕಾರಿ ಮಹಿಳಾ ಪ್ರಥಮ ದರ್ಜೆ ಕಾಲೇಜು, ಹೊಳೆನರಸೀಪುರದ ಸರ್ಕಾರಿ ಗೃಹವಿಜ್ಞಾನ ಮಹಿಳಾ ಕಾಲೇಜು ಇವು ಹೆಣ್ಣುಮಕ್ಕಳಿಗೆಂದೇ ಇರುವ ಪದವಿ ಕಾಲೇಜುಗಳು. ಅರಕಲಗೂಡು, ಚನ್ನರಾಯಪಟ್ಟಣ ಕಡೆಯ ಹುಡುಗಿಯರಲ್ಲಿ ಅನೇಕರು ಊರಿನ ಸಹಶಿಕ್ಷಣದ ಸರ್ಕಾರಿ ಕಾಲೇಜಿನಲ್ಲೇ ಓದಿದರೆ, ಉಳಿದವರು 30–40 ಕಿಲೋಮೀಟರ್ ದೂರದ ಹಾಸನಕ್ಕೆ ದಿನವೂ ಬಂದು ಹೋದವರು, ಇಲ್ಲವೇ ಹಾಸ್ಟೆಲ್ ಹಿಡಿದವರು. ಈ ನಾಲ್ಕೂ ಊರುಗಳ ಕ್ರೀಡಾ ಚರಿತ್ರೆ ಹಳೆಯ ಮೈಸೂರು ಸಂಸ್ಥಾನದ ಸ್ತ್ರೀಶಿಕ್ಷಣದ ಕತೆಯೊಂದಿಗೆ, ಮೈಸೂರು ವಿಶ್ವವಿದ್ಯಾನಿಲಯದ ಕತೆಯೊಂದಿಗೆ ಹೆಣೆದುಕೊಂಡಿದೆ.

ಕಾಲೇಜು ಬರುವುದಕ್ಕೆ ಮುಂಚೆ ಹೆಣ್ಣುಮಕ್ಕಳು ಆಡುತ್ತಿರಲಿಲ್ಲ ಎಂದು ತಿಳಿಯುವುದು ತಪ್ಪು. ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆ, ಮರಕೋತಿ, ಕಲ್ಲಾಟ, ಕೋಲಾಟ, ಪಂಚಮಿಯ ಉಯ್ಯಾಲೆ ಇವೆಲ್ಲ ಊರ ಬೀದಿ, ದೇವಸ್ಥಾನದ ಅಂಗಳ, ಕಣಗಳಲ್ಲಿ ನಡೆಯುತ್ತಿದ್ದವು. ಒಂಟಿಕಾಲಿನಲ್ಲಿ ಮನೆಯಿಂದ ಮನೆಗೆ ಹಾರುತ್ತ ಬಿಲ್ಲೆಯನ್ನು ಗೆರೆ ಮುಟ್ಟದಂತೆ ತಳ್ಳುವ ಕುಂಟೆಬಿಲ್ಲೆಗೂ ಅಥ್ಲೆಟಿಕ್ಸ್‌ನ ತ್ರಿವಿಧ ಜಿಗಿತದ ಮೊದಲ ಹೆಜ್ಜೆಗೂ ದೇಹ ಕೇಳುವುದು ಒಂದನ್ನೇ: ಒಂದು ಕಾಲಿನ ಮೇಲೆ ಇಡೀ ಮೈಯ ಹಿಡಿತ. ಆದರೆ ಈ ಆಟಗಳಿಗೆ ವಯಸ್ಸಿನ ಗಡಿ ಇತ್ತು. ಮೈನೆರೆದ ಹುಡುಗಿ ಬೀದಿಯಲ್ಲಿ ಓಡುವುದು ನಿಲ್ಲುತ್ತಿತ್ತು. ನೀರು ಹೊರುವುದು, ನಾಟಿ ಹಾಕುವುದು, ಕಳೆ ಕೀಳುವುದು, ರಾಗಿ ಬೀಸುವುದು ಯಾವುದೂ ನಿಲ್ಲುತ್ತಿರಲಿಲ್ಲ. ಮೈಗೆ ದುಡಿಮೆ ಉಳಿಯಿತು, ಆಟ ಉಳಿಯಲಿಲ್ಲ. ಕಾಲೇಜು ಕ್ರೀಡೆ ಮಾಡಿದ ದೊಡ್ಡ ಕೆಲಸವೆಂದರೆ, ಹದಿನೆಂಟು–ಇಪ್ಪತ್ತರ ವಯಸ್ಸಿನ ಹೆಣ್ಣುಮಗಳು ನಾಲ್ಕು ಜನರ ಎದುರಿಗೆ ಓಡಬಹುದು ಎಂಬುದನ್ನು ಮನೆಯವರಿಗೂ ಊರಿನವರಿಗೂ ರೂಢಿ ಮಾಡಿಸಿದ್ದು.

ಹಳೆಯ ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯ ಕತೆ 1881ರಲ್ಲಿ ಮೈಸೂರಿನಲ್ಲಿ ಆರಂಭವಾದ ಮಹಾರಾಣಿ ಬಾಲಿಕಾ ಪಾಠಶಾಲೆಯಿಂದ ಬಲಗೊಳ್ಳುತ್ತದೆ. ಅರಮನೆಯ ಆಶ್ರಯ, ಅಂಬಿಲ್ ನರಸಿಂಹ ಅಯ್ಯಂಗಾರ್ ಅವರ ಮುತುವರ್ಜಿ ಅದಕ್ಕೆ ಬೆನ್ನಾಗಿದ್ದವು. ಮರ್ಯಾದಸ್ಥ ಮನೆತನಗಳ ಹುಡುಗಿಯರನ್ನು ಶಾಲೆಗೆ ತರುವುದೇ ಸಾಹಸವಾಗಿದ್ದ ಕಾಲ ಅದು. ಆಟದ ಮಾತು ದೂರವೇ ಉಳಿಯಿತು. 1891ರಲ್ಲಿ ಸರ್ಕಾರ ಆ ಶಾಲೆಯನ್ನು ವಹಿಸಿಕೊಂಡಿತು, ಮುಂದೆ ಅದು ಕಾಲೇಜಾಗಿ ಬೆಳೆಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ ಮಹಾರಾಣಿ ಕಾಲೇಜು ಆರಂಭವಾದದ್ದು 1938ರಲ್ಲಿ. ಅಂದಿನ ಹಾಸನದ ಹುಡುಗಿ ಪದವಿ ಓದಬೇಕೆಂದರೆ ಊರು ಬಿಟ್ಟು ಈ ಎರಡು ನಗರಗಳಲ್ಲಿ ಒಂದಕ್ಕೆ ಹೋಗಬೇಕಿತ್ತು. ಹಾಗೆ ಹೋಗಬಲ್ಲವರು ಅನುಕೂಲಸ್ಥ ಕುಟುಂಬದ ಬೆರಳೆಣಿಕೆಯ ಹುಡುಗಿಯರು ಮಾತ್ರ.

ಹೊರಗಿನ ಜಗತ್ತಿನಲ್ಲೂ ಮಹಿಳಾ ಕಾಲೇಜಿನ ಮೈದಾನ ಹೊಸದೇ. ಅಮೆರಿಕದ ವಾಸರ್ ಮಹಿಳಾ ಕಾಲೇಜಿನಲ್ಲಿ 1895ರ ನವೆಂಬರ್‌ನಲ್ಲಿ ವಿದ್ಯಾರ್ಥಿನಿಯರ ಓಟ–ಜಿಗಿತದ ಮೊದಲ ಕ್ರೀಡಾಕೂಟ ನಡೆಯಿತು. ಅದೇ ವರ್ಷ ನ್ಯೂ ಆರ್ಲಿಯನ್ಸ್‌ನ ನ್ಯೂಕೂಂಬ್ ಮಹಿಳಾ ಕಾಲೇಜಿನಲ್ಲಿ ಕ್ಲಾರಾ ಬೇರ್ ಎಂಬ ಶಿಕ್ಷಕಿ ಬಲೆಯ ಆಚೀಚೆ ನಿಂತು ಚೆಂಡನ್ನು ಎಸೆದು ಹಿಡಿಯುವ ಒಂದು ಆಟವನ್ನು ರೂಪಿಸಿದರು. ಹಾಸನದ ಕಾಲೇಜುಗಳಲ್ಲಿ ಇಂದು ಹುಡುಗಿಯರು ಆಡುವ ಥ್ರೋಬಾಲ್ ಆ ಆಟದ ಚಹರೆಯನ್ನೇ ಹೊತ್ತಿದೆ. ಥ್ರೋಬಾಲ್ ಮದ್ರಾಸಿನಲ್ಲಿ 1940ರ ದಶಕದಲ್ಲಿ ಮಹಿಳೆಯರ ಆಟವಾಗಿ ಬೇರೂರಿ, ಐವತ್ತರ ದಶಕದಲ್ಲಿ ಬೆಂಗಳೂರಿಗೆ ಬಂತು. ವೈ.ಎಂ.ಸಿ.ಎ. ಸಂಸ್ಥೆ ಇದರ ಹರಡುವಿಕೆಗೆ ಮುಖ್ಯ ಕಾರಣ. ಅಮೆರಿಕದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ತೆರೆದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ದಕ್ಷಿಣ ಭಾರತದ ದೈಹಿಕ ಶಿಕ್ಷಣದ ತಾಯಿಬೇರು. ಅಲ್ಲಿ ಕಲಿತವರು ಊರೂರಿಗೆ ಹೋದರು. ಶಾಲೆಯ ಮಕ್ಕಳ ಬಾಯಲ್ಲಿ ‘ಡ್ರಿಲ್ ಮೇಷ್ಟ್ರು’ ಆದರು.

ಡ್ರಿಲ್ ಎಂಬ ಹೆಸರೇ ಆ ಕಾಲದ ದೈಹಿಕ ಶಿಕ್ಷಣದ ಸ್ವರೂಪವನ್ನು ಹೇಳುತ್ತದೆ. ಸಾಲಾಗಿ ನಿಲ್ಲುವುದು, ಲೆಕ್ಕಕ್ಕೆ ಸರಿಯಾಗಿ ಕೈಕಾಲು ಆಡಿಸುವುದು, ಲೇಜಿಮ್, ಡಂಬೆಲ್ಸ್ ಇವು ಶಿಸ್ತಿನ ಪಾಠಗಳಾಗಿದ್ದವು. ಗೆಲ್ಲುವ, ಸೋಲುವ, ದಾಖಲೆ ಬರೆಯುವ ಕ್ರೀಡೆ ಅದಲ್ಲ. ಸ್ವಾತಂತ್ರ್ಯದ ನಂತರ ಎನ್.ಸಿ.ಸಿ. ಬಂತು: 1948ರಲ್ಲಿ ಹುಡುಗರಿಗೆ, 1949ರಲ್ಲಿ ಹುಡುಗಿಯರಿಗೆ. ಕಾಲೇಜು ಹುಡುಗಿಗೆ ಸಮವಸ್ತ್ರ, ಬೂಟು, ಮೈದಾನದಲ್ಲಿ ಬೆಳಗಿನ ಒಂದು ಗಂಟೆ ಅಧಿಕೃತವಾಗಿ ದೊರೆತದ್ದು ಇದರಿಂದ. ಕ್ರೀಡಾಕೂಟದ ದಿನ ಇಂದಿಗೂ ಪಥಸಂಚಲನದ ಮುಂಚೂಣಿಯಲ್ಲಿ ಎನ್.ಸಿ.ಸಿ. ತುಕಡಿ ಇರುವುದು ಆ ನಂಟಿನ ಗುರುತು.

ಜಿಲ್ಲಾ ಕೇಂದ್ರಗಳಿಗೆ ಮಹಿಳಾ ಕಾಲೇಜುಗಳು ಬಂದದ್ದು ರಾಜ್ಯ ಏಕೀಕರಣದ ನಂತರದ ದಶಕಗಳಲ್ಲಿ. ಹೆಣ್ಣುಮಕ್ಕಳನ್ನು ದೂರದ ಮೈಸೂರಿಗೆ ಕಳಿಸಲು, ಹುಡುಗರ ಜೊತೆ ಕೂರಿಸಲು ಹಿಂಜರಿಯುತ್ತಿದ್ದ ಮನೆಗಳು ‘ಹೆಣ್ಣುಮಕ್ಕಳ ಕಾಲೇಜು’ ಎಂದೊಡನೆ ಒಪ್ಪಿದವು. ಹಾಸನದಲ್ಲಿ ಮಲೆನಾಡು ಶಿಕ್ಷಣ ಸಂಸ್ಥೆಯ ಎ.ವಿ. ಕಾಂತಮ್ಮ ಕಾಲೇಜು ಈ ಅಗತ್ಯವನ್ನು ಪೂರೈಸಿತು. ಗೃಹವಿಜ್ಞಾನ ಎಂಬ ವಿಷಯಕ್ಕೂ ಇಲ್ಲಿ ಒಂದು ಪಾತ್ರವಿದೆ. ಅಡುಗೆ, ಪೌಷ್ಟಿಕತೆ, ಶಿಶುಪಾಲನೆ, ಜವಳಿಗಳ ಶಾಸ್ತ್ರವೆಂದರೆ ಅಪ್ಪಂದಿರಿಗೆ ಅಂಜಿಕೆ ಇರಲಿಲ್ಲ. ಮಗಳು ಮನೆವಾರ್ತೆ ಕಲಿಯಲು ಹೋಗುತ್ತಾಳೆ ಎಂದುಕೊಂಡ ಎಷ್ಟೋ ಮನೆಗಳ ಹುಡುಗಿಯರು ಆ ಆವರಣದಲ್ಲೇ ಮೊದಲ ಬಾರಿಗೆ ಗುಂಡು ಎತ್ತಿದರು, ಬೇಟನ್ ಹಿಡಿದರು. ಪೌಷ್ಟಿಕತೆಯ ಪಾಠವೂ ಆಟಗಾರ್ತಿಯ ತಟ್ಟೆಯೂ ಒಂದೇ ಕಟ್ಟಡದಲ್ಲಿದ್ದರೂ ಅವೆರಡನ್ನು ಜೋಡಿಸುವ ಕೆಲಸ ಮಾತ್ರ ಸಾಕಷ್ಟು ನಡೆಯಲಿಲ್ಲ. ರಾಗಿಮುದ್ದೆ, ಹುರುಳಿ, ಅವರೆ, ಸೊಪ್ಪಿನ ಸಾರು ಉಣ್ಣುವ ಸೀಮೆಯಲ್ಲಿ ಓಟಗಾರ್ತಿಯ ಆಹಾರಕ್ಕೆ ಬೇಕಾದ ಕಬ್ಬಿಣ, ಸುಣ್ಣದಂಶ ಮನೆಯ ಹಿತ್ತಿಲಿನಲ್ಲೇ ಇದ್ದವು.

ಇನ್ನು ನೆಲದ ಲೆಕ್ಕ. ಎಂಟು ಪಥಗಳ 400 ಮೀಟರ್ ಓಟದ ಹಾದಿಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲದ ಸಮತಟ್ಟಾದ ನೆಲ ಬೇಕು; ಅಂದರೆ ನಾಲ್ಕು ಎಕರೆಗೂ ತುಸು ಹೆಚ್ಚು. ಊರ ನಡುವಿನ ಮಹಿಳಾ ಕಾಲೇಜಿಗೆ ಕಟ್ಟಡವನ್ನೂ ಸೇರಿಸಿ ಅಷ್ಟು ಜಾಗ ಸಿಗುವುದೇ ಕಷ್ಟ. ಕೊಕ್ಕೊ ಅಂಕಣಕ್ಕೆ 27 ಮೀಟರ್ ಉದ್ದ, 16 ಮೀಟರ್ ಅಗಲ ಸಾಕು. ಥ್ರೋಬಾಲಿಗೆ 18.30 ಮೀಟರ್ ಮತ್ತು 12.20 ಮೀಟರ್. ಮಹಿಳೆಯರ ಕಬಡ್ಡಿಗೆ 12 ಮೀಟರ್, 8 ಮೀಟರ್. ಪುರುಷರದಾದರೆ 13 ಮತ್ತು 10. ಓಟದ ಹಾದಿಯೊಂದರ ಜಾಗದಲ್ಲಿ ನೂರೈವತ್ತಕ್ಕೂ ಹೆಚ್ಚು ಮಹಿಳಾ ಕಬಡ್ಡಿ ಅಂಕಣ ಹಿಡಿಸುತ್ತವೆ. ಕಟ್ಟಡದ ಹಿಂದಿನ ಬಯಲು, ಸೈಕಲ್ ಸ್ಟ್ಯಾಂಡಿನ ಪಕ್ಕದ ಖಾಲಿ ಜಾಗ, ಎರಡು ಬ್ಲಾಕ್‌ಗಳ ನಡುವಿನ ಅಂಗಳ ಎಲ್ಲೆಂದರಲ್ಲಿ ಸುಣ್ಣದ ಗೆರೆ ಎಳೆದು ಆಡಬಹುದಾದ ಆಟಗಳು ಹಾಸನ ಸೀಮೆಯಲ್ಲಿ ಗೆದ್ದದ್ದು ಹೀಗೆ. ಈ ಭಾಗದ ಹುಡುಗಿಯರಿಗೆ ಕಬಡ್ಡಿ, ಕೊಕ್ಕೊ ‘ಸಹಜ’ವೆಂದು, ಓಟ ‘ಒಗ್ಗದು’ ಎಂದು ಹೇಳುವ ವಾಡಿಕೆಯಿದೆ. ಅಳತೆಯ ಟೇಪು ಹಿಡಿದು ನೋಡಿದರೆ ಆ ಮಾತಿಗೆ ಆಧಾರ ಉಳಿಯುವುದಿಲ್ಲ.

ಅಂಕಣದ ಆಟಗಳಲ್ಲಿ ಕೊಕ್ಕೊಗೆ ಮೊದಲ ಸ್ಥಾನ. ನಡುವಿನ ಸಾಲಿನಲ್ಲಿ ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರು ವಿರುದ್ಧ ದಿಕ್ಕಿಗೆ ಮುಖಮಾಡಿ ಕುಕ್ಕರುಗಾಲಲ್ಲಿ ಕೂತಿರುತ್ತಾರೆ, ಒಂಬತ್ತನೆಯವಳು ಅಟ್ಟುತ್ತಾಳೆ. ಕುಳಿತವಳ ಬೆನ್ನು ಮುಟ್ಟಿ ‘ಖೋ’ ಎಂದೊಡನೆ ಅವಳು ಸಿಡಿದೆದ್ದು ಓಡಬೇಕು. ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ. ಒಂದು ಸರದಿಗೆ ಒಂಬತ್ತು ನಿಮಿಷ. ಕಣ್ಣು, ಕಾಲು, ಉಸಿರು ಮೂರೂ ಒಟ್ಟಿಗೆ ಪಳಗುವ ಆಟ ಇದು, ಖರ್ಚೆಂದರೆ ಎರಡು ಕಂಬ ಮಾತ್ರ. 1914ರ ಸುಮಾರಿಗೆ ಪುಣೆಯಲ್ಲಿ ಇದಕ್ಕೆ ಲಿಖಿತ ನಿಯಮಗಳು ರೂಪುಗೊಂಡವು. ಮಹಿಳೆಯರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ 1960–61ರಲ್ಲಿ ಕೊಲ್ಹಾಪುರದಲ್ಲಿ ನಡೆಯಿತು. ಕಬಡ್ಡಿಯಲ್ಲಿ ಮಹಿಳೆಯರ ರಾಷ್ಟ್ರೀಯ ಪಂದ್ಯಾವಳಿ 1955ರಲ್ಲೇ ಕೋಲ್ಕತ್ತದಲ್ಲಿ ಆರಂಭವಾಗಿತ್ತು. ಆದರೂ ‘ಗಂಡುಮಕ್ಕಳ ಆಟ’ ಎಂಬ ಹಣೆಪಟ್ಟಿಯಿಂದ ಕಬಡ್ಡಿ ಬಿಡಿಸಿಕೊಳ್ಳಲು ಹೆಚ್ಚು ಕಾಲ ಹಿಡಿಯಿತು. ಮೈಗೆ ಮೈ ತಾಗುವ, ನೆಲಕ್ಕೆ ಬೀಳುವ ಆಟವೆಂಬುದು ಅದಕ್ಕೆ ಕಾರಣ. ಥ್ರೋಬಾಲ್ ಮತ್ತು ಟೆನ್ನಿಕಾಯ್ಟ್ ಆ ದೃಷ್ಟಿಯಿಂದ ‘ಮರ್ಯಾದೆ’ಯ ಆಟಗಳೆನಿಸಿದವು: ನಡುವೆ ಬಲೆ, ಎದುರಾಳಿಯ ಮೈ ಸೋಕುವ ಮಾತೇ ಇಲ್ಲ. ಟೆನ್ನಿಕಾಯ್ಟ್ ಮೂಲತಃ ಹಡಗಿನ ಅಟ್ಟದ ಮೇಲೆ ಪ್ರಯಾಣಿಕರು ಹೊತ್ತು ಕಳೆಯಲು ಆಡುತ್ತಿದ್ದ ರಬ್ಬರ್ ಬಳೆಯ ಆಟ. ಕಡಲನ್ನೇ ಕಾಣದ ಹಾಸನದ ಹಳ್ಳಿ ಹುಡುಗಿಯರು ಅದನ್ನು ತಮ್ಮದಾಗಿಸಿಕೊಂಡರು.

ಉಡುಪಿನ ಚರಿತ್ರೆ ಇದರ ಜೊತೆಗೇ ಸಾಗುತ್ತದೆ. ಲಂಗ–ದಾವಣಿಯ, ಸೀರೆಯ ಕಾಲದಲ್ಲಿ ಸೆರಗನ್ನು ಸೊಂಟಕ್ಕೆ ಬಿಗಿದು, ನೆರಿಗೆಯನ್ನು ಎತ್ತಿ ಸಿಕ್ಕಿಸಿ ಆಡುತ್ತಿದ್ದರು. ಎತ್ತರ ಜಿಗಿತ, ಹರ್ಡಲ್ಸ್‌ಗಳಿಗೆ ಆ ಉಡುಪಿನಲ್ಲಿ ಜಾಗವೇ ಇರಲಿಲ್ಲ. ಆದ್ದರಿಂದ ಆ ಸ್ಪರ್ಧೆಗಳಿಗೆ ಹೆಸರು ಕೊಡುವವರೂ ಕಡಿಮೆ. ಬಳಿಕ ಚೂಡಿದಾರ್ ಬಂತು, ದುಪಟ್ಟಾವನ್ನು ಎದೆಗೆ ಅಡ್ಡಲಾಗಿ ಕಟ್ಟಿ ಸೊಂಟದಲ್ಲಿ ಗಂಟು ಹಾಕಿ ಓಡಿದರು. ಟ್ರ್ಯಾಕ್ ಪ್ಯಾಂಟು, ಟಿ-ಶರ್ಟು ಬಂದಾಗ ಜಿಗಿತಗಳಲ್ಲಿ ಸ್ಪರ್ಧಿಗಳು ಹೆಚ್ಚಿದರು. ಚಡ್ಡಿ ಹಾಕಿ ಓಡುವುದಕ್ಕೆ ಮಾತ್ರ ತಾಲ್ಲೂಕು ಮಟ್ಟದಲ್ಲಿ ಬಹುಕಾಲ ಸಂಕೋಚ ಉಳಿಯಿತು. ಮೈಸೂರಿನ ಕೂಟಕ್ಕೆ ಹೋದಾಗ ಧರಿಸಿ, ಊರಿಗೆ ಬಸ್ಸು ಹತ್ತುವ ಮುಂಚೆ ಬದಲಿಸುವ ಉಡುಪು ಅದು.

ಮೈಸೂರಿಗೆ ಹೋಗುವುದು ಎಂಬುದೇ ಒಂದು ಅಧ್ಯಾಯ. ಕಾಲೇಜು ಕ್ರೀಡೆಯ ಏಣಿ ಹೀಗಿತ್ತು: ಮೊದಲು ಕಾಲೇಜಿನ ವಾರ್ಷಿಕ ಕ್ರೀಡಾಕೂಟ, ಮೇಲೆ ವಲಯ ಮಟ್ಟದ ಅಂತರ ಕಾಲೇಜು ಪಂದ್ಯಾವಳಿ, ಅಲ್ಲಿ ಗೆದ್ದರೆ ಅಂತರ ವಲಯ, ಆಮೇಲೆ ವಿಶ್ವವಿದ್ಯಾನಿಲಯದ ತಂಡ, ದಕ್ಷಿಣ ವಲಯ, ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಕೂಟ. ಈ ಕೊನೆಯ ಮೆಟ್ಟಿಲನ್ನು ಇಂದು ನೋಡಿಕೊಳ್ಳುವುದು ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ. 1925ರಲ್ಲಿ ಅಂತರ ವಿಶ್ವವಿದ್ಯಾನಿಲಯ ಮಂಡಳಿಯಾಗಿ ಹುಟ್ಟಿದ ಸಂಸ್ಥೆ ಅದು. ಅಂತರ ವಿಶ್ವವಿದ್ಯಾನಿಲಯ ಕ್ರೀಡೆಯಲ್ಲಿ ಒಟ್ಟಾರೆ ಮೇಲುಗೈ ಸಾಧಿಸಿದ ವಿಶ್ವವಿದ್ಯಾನಿಲಯಕ್ಕೆ ಕೊಡುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ 1956–57ರಿಂದ ಬಂದದ್ದು. ಹಾಸನದ ವಿದ್ಯಾರ್ಥಿನಿಗೆ ಈ ಏಣಿಯ ಮಧ್ಯದ ಮೆಟ್ಟಿಲು ಮೈಸೂರಿನಲ್ಲಿತ್ತು, ನೂರು ಕಿಲೋಮೀಟರಿಗೂ ಆಚೆ.

ನಾಲ್ಕು ಊರುಗಳ ಅದೃಷ್ಟ ಇಲ್ಲಿ ಬೇರೆಬೇರೆ. ಅರಸೀಕೆರೆ–ಮೈಸೂರು ರೈಲು ಮಾರ್ಗ ಹಾಸನ, ಹೊಳೆನರಸೀಪುರಗಳ ಮೇಲೇ ಹಾದುಹೋಗುತ್ತದೆ. ಹೊಳೆನರಸೀಪುರದ ಹುಡುಗಿಗೆ ಊರಿನ ಸ್ಟೇಷನ್ನಿನಲ್ಲೇ ಮೈಸೂರಿನ ರೈಲು ಸಿಗುತ್ತಿತ್ತು. ಅರಕಲಗೂಡಿಗೆ ರೈಲಿಲ್ಲ, ಅಲ್ಲಿಯ ತಂಡಕ್ಕೆ ಬಸ್ಸೇ ಗತಿ. ಚನ್ನರಾಯಪಟ್ಟಣ ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದ್ದು ಬಸ್ಸುಗಳಿಗೆ ಕೊರತೆ ಇಲ್ಲದಿದ್ದರೂ ಆ ಬಸ್ಸುಗಳ ಮುಖ ಬೆಂಗಳೂರಿನ ಕಡೆಗೆ. ಈ ಊರನ್ನೂ ಮುಟ್ಟುವ ಶ್ರವಣಬೆಳಗೊಳದ ಮೇಲಿನ ರೈಲು ಮಾರ್ಗ ಬೆಂಗಳೂರಿನವರೆಗೆ ಪೂರ್ಣಗೊಂಡದ್ದು 2017ರಲ್ಲಿ. ಬೆಳಿಗ್ಗೆ ಎಂಟಕ್ಕೆ ಮೈದಾನದಲ್ಲಿ ಹಾಜರಿರಬೇಕಾದರೆ ಹಿಂದಿನ ರಾತ್ರಿಯೇ ಮೈಸೂರಿನಲ್ಲಿರಬೇಕು. ಹುಡುಗಿಯರು ಪರವೂರಿನಲ್ಲಿ ರಾತ್ರಿ ತಂಗುವುದೆಂದರೆ ಮನೆಯ ಒಪ್ಪಿಗೆ ಪತ್ರ, ಜೊತೆಗೆ ಒಬ್ಬ ಮಹಿಳಾ ಅಧ್ಯಾಪಕಿ, ತಂಗಲು ಹಾಸ್ಟೆಲ್ಲಿನ ಕೋಣೆ, ದಿನಭತ್ಯೆಯ ಲೆಕ್ಕ. ಜೊತೆಗೆ ಬರಲು ಅಧ್ಯಾಪಕಿ ಸಿಗದೆ ತಂಡವೇ ಹೊರಡದ ಸಂದರ್ಭಗಳು ಈ ಚರಿತ್ರೆಯ ಭಾಗವೇ ಆಗಿವೆ. ಕೂಟದ ಫಲಿತಾಂಶದ ಪಟ್ಟಿಯಲ್ಲಿ ಅವು ಕಾಣುವುದಿಲ್ಲ. ಹಾಗಾಗಿ ಆ ಪಟ್ಟಿಯನ್ನೇ ನಂಬಿ ಯಾವ ಊರಿನಲ್ಲಿ ಪ್ರತಿಭೆ ಇತ್ತು, ಯಾವ ಊರಿನಲ್ಲಿ ಇರಲಿಲ್ಲ ಎಂದು ತೀರ್ಮಾನಿಸುವುದು ಅನ್ಯಾಯ.

ವಿಶ್ವವಿದ್ಯಾನಿಲಯದ ಗಡಿಗಳು ಕಿರಿದಾಗುತ್ತ ಬಂದದ್ದೂ ಆಟದ ಮೇಲೆ ಪರಿಣಾಮ ಬೀರಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಮೈಸೂರಿನಿಂದ ಬೇರೆಯಾದವು. 1980ರವರೆಗೆ ಹಾಸನದ ಓಟಗಾರ್ತಿ ಮೈಸೂರಿನ ಕೂಟದಲ್ಲಿ ಕೊಡಗು ಮತ್ತು ದಕ್ಷಿಣ ಕನ್ನಡದ ಓಟಗಾರ್ತಿಯರ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಅವರನ್ನು ಕಂಡು ಕಲಿಯುತ್ತಿದ್ದಳು, ಅವರಿಗೆ ಸೋಲುತ್ತಲೂ ಇದ್ದಳು. ಮಂಗಳೂರು ವಿಶ್ವವಿದ್ಯಾನಿಲಯ ಆದ ಮೇಲೆ ಕೊಡಗು, ಕರಾವಳಿ ಎರಡೂ ಆ ಕಡೆ ಸೇರಿದವು. ಕುವೆಂಪು ವಿಶ್ವವಿದ್ಯಾನಿಲಯ ಆದ ಮೇಲೆ ನೆರೆಯ ಚಿಕ್ಕಮಗಳೂರೂ ಹೋಯಿತು. ಮೈಸೂರು, ಮಂಡ್ಯ, ಹಾಸನಗಳಷ್ಟೇ ಉಳಿದ ಕೂಟದಲ್ಲಿ ಹಾಸನದವರಿಗೆ ಪದಕದ ದಾರಿ ಹತ್ತಿರವಾಯಿತು. ಪೈಪೋಟಿಯ ಮಟ್ಟ ಮಾತ್ರ ಮೊದಲಿನಷ್ಟು ಉಳಿಯಲಿಲ್ಲ.

ಕೊಡಗಿನ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಅರಕಲಗೂಡು ತಾಲ್ಲೂಕಿನ ಕೊಣನೂರು ದಾಟಿದರೆ ಕೊಡಗು. ಆ ಗಡಿಯಾಚೆಯ ನಾಡಿನಿಂದ ಓಟಗಾರ್ತಿ ಅಶ್ವಿನಿ ನಾಚಪ್ಪ ಬಂದರು, 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅಲ್ಲಿಂದಲೇ ಬಂದ ಪ್ರಮೀಳಾ ಅಯ್ಯಪ್ಪ ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್‌ನಲ್ಲಿ 2000ದ ಸಿಡ್ನಿ, 2008ರ ಬೀಜಿಂಗ್ ಒಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ಎರಡು ನೆರೆಯ ಸೀಮೆಗಳ ನಡುವೆ ಇಷ್ಟು ಅಂತರ ಬಂದದ್ದು ಮನೆಯ ಒಪ್ಪಿಗೆಯಿಂದ. ಹಾಕಿ ಮೈದಾನಕ್ಕೆ ಇಡೀ ಕುಟುಂಬ ಬಂದು ಕೂರುವ ಸಂಪ್ರದಾಯ ಕೊಡಗಿನಲ್ಲಿ ಬಲವಾಗಿತ್ತು. ಹಾಸನದ ಬಯಲಿನಲ್ಲಿ ಆ ಒಪ್ಪಿಗೆಯನ್ನು ಕಾಲೇಜು ಒಂದೊಂದೇ ಮನೆಯಿಂದ ಕೇಳಿ ಪಡೆಯಬೇಕಾಯಿತು.

1975ರ ಅಂತರರಾಷ್ಟ್ರೀಯ ಮಹಿಳಾ ವರ್ಷದಲ್ಲಿ ರಾಷ್ಟ್ರೀಯ ಮಹಿಳಾ ಕ್ರೀಡಾ ಉತ್ಸವ ಆರಂಭವಾಯಿತು. ತಾಲ್ಲೂಕು, ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಮೆಟ್ಟಿಲುಗಳಿದ್ದ ಈ ಉತ್ಸವದಿಂದ ಕಾಲೇಜಿನ ಹೊರಗೂ ಹುಡುಗಿಯರಿಗೆ ಸ್ಪರ್ಧೆ ದೊರೆಯಿತು. ಮುಂದೆ ದಸರಾ ಕ್ರೀಡಾಕೂಟದ ಮೆಟ್ಟಿಲುಗಳೂ ಹಾಗೆಯೇ ನೆರವಾದವು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಿಂದ ಕಂಚು ತಪ್ಪಿಸಿಕೊಂಡದ್ದು, 4x400 ರಿಲೇ ತಂಡ ಫೈನಲ್ ಮುಟ್ಟಿದ್ದು ದೊಡ್ಡ ಸುದ್ದಿಗಳಾದವು. ಆ ರಿಲೇ ತಂಡದಲ್ಲಿ ಕರ್ನಾಟಕದ ವಂದನಾ ರಾವ್ ಇದ್ದರು. ಹುಡುಗಿ ಜೋರಾಗಿ ಓಡಿದರೆ ‘ನೋಡು ಪಿ.ಟಿ. ಉಷಾ’ ಎನ್ನುವುದು ಹಳ್ಳಿಗಳಲ್ಲೂ ಮಾತಾಯಿತು. ಅದಕ್ಕೆ ಮುಂಚೆ ಓಡುವ ಹುಡುಗಿಯನ್ನು ಹೊಗಳಲು ಊರಿನವರ ಬಾಯಲ್ಲಿ ಹೆಸರೇ ಇರಲಿಲ್ಲ, ಗಂಡುಬೀರಿ ಎನ್ನುತ್ತಿದ್ದರು.

ಕೂಟದ ಸ್ಪರ್ಧಾಪಟ್ಟಿಯನ್ನು ಕಾಲಾನುಕ್ರಮದಲ್ಲಿ ನೋಡಿದರೆ ಜಗತ್ತಿನ ಚರಿತ್ರೆಯೇ ಅಲ್ಲಿ ಕಾಣುತ್ತದೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು 800 ಮೀಟರ್ ಓಡಿದರು. ಓಟ ಮುಗಿಸಿದವರು ದಣಿದು ಕುಸಿದರೆಂಬ ಉತ್ಪ್ರೇಕ್ಷೆಯ ವರದಿಗಳ ನೆಪದಲ್ಲಿ ಆ ಸ್ಪರ್ಧೆಯನ್ನು ಕೈಬಿಟ್ಟರು. ಅದು ಮರಳಿದ್ದು 1960ರಲ್ಲಿ. 1500 ಮೀಟರ್ 1972ರಲ್ಲಿ, 400 ಮೀಟರ್ ಹರ್ಡಲ್ಸ್ ಮತ್ತು ಮ್ಯಾರಥಾನ್ 1984ರಲ್ಲಿ, 5000 ಮೀಟರ್ ಮತ್ತು ತ್ರಿವಿಧ ಜಿಗಿತ 1996ರಲ್ಲಿ, ಹ್ಯಾಮರ್ ಎಸೆತ ಮತ್ತು ಪೋಲ್ ವಾಲ್ಟ್ 2000ದಲ್ಲಿ, ಸ್ಟೀಪಲ್‌ಚೇಸ್ 2008ರಲ್ಲಿ ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ ದೊರೆತವು. ಒಲಿಂಪಿಕ್ಸ್ ಪಟ್ಟಿ ಬದಲಾದಂತೆ ರಾಷ್ಟ್ರೀಯ ಕೂಟ, ಅದರ ಹಿಂದೆ ವಿಶ್ವವಿದ್ಯಾನಿಲಯದ ಕೂಟ, ಕೊನೆಗೆ ಕಾಲೇಜಿನ ಕೂಟ ಬದಲಾಗುತ್ತ ಬಂದವು. ದೂರದೋಟ ಹೆಣ್ಣಿನ ಮೈಗೆ ಆಗದು ಎಂದು ಯೂರೋಪಿನ ಅಧಿಕಾರಿಗಳು ಬರೆದ ನಿಯಮ, ತಲೆಯ ಮೇಲೆ ಬಿಂದಿಗೆ ಹೊತ್ತು ಮೈಲಿಗಟ್ಟಲೆ ನಡೆಯುವ ಹೆಂಗಸರ ಸೀಮೆಯ ಕಾಲೇಜಿನಲ್ಲೂ ದಶಕಗಳ ಕಾಲ ಜಾರಿಯಲ್ಲಿತ್ತು.

ಎಸೆತಗಳಲ್ಲಿ ಮಹಿಳೆಯರ ಅಳತೆಗಳು ಬೇರೆ: ಗುಂಡು 4 ಕಿಲೋ, ಚಕ್ರ 1 ಕಿಲೋ, ಭರ್ಜಿ 600 ಗ್ರಾಂ. ಕಡಿಮೆ ನೆಲದಲ್ಲಿ ಕಲಿಯಬಹುದಾದ ಎಸೆತವೆಂದರೆ ಗುಂಡು ಎಸೆತ. ಒಂದು ವೃತ್ತ, ಮುಂದೆ ಹದಿನೈದಿಪ್ಪತ್ತು ಮೀಟರ್ ಬಯಲು ಇದ್ದರೆ ಆಯಿತು. ಹೊಲದಲ್ಲಿ ದುಡಿದ ಭುಜಗಳು ಅದಕ್ಕೆ ಸಿದ್ಧವಾಗಿಯೇ ಬರುತ್ತಿದ್ದವು. ಭರ್ಜಿ ಮತ್ತು ಚಕ್ರಗಳಿಗೆ ಹಾಗಲ್ಲ; ಅಕ್ಕಪಕ್ಕ ಜನರಿಲ್ಲದ ತೆರೆದ ಮೈದಾನ ಬೇಕು, ತಪ್ಪಿದರೆ ಅಪಾಯ. ಅವನ್ನು ಕಲಿಸಲು ಹಾಸನದ ಜಿಲ್ಲಾ ಕ್ರೀಡಾಂಗಣಕ್ಕೋ ಊರಾಚೆಯ ಬಯಲಿಗೋ ಹೋಗಬೇಕು. ಅಲ್ಲಿಗೆ ಹೋದ ಹುಡುಗಿ ಸಂಜೆಯ ಕೊನೆಯ ಬಸ್ಸಿಗೆ ಮರಳಬೇಕು. ತರಗತಿ ಮುಗಿದ ಗಂಟೆಗೂ ಹಳ್ಳಿಯ ಬಸ್ಸು ಹೊರಡುವ ಗಂಟೆಗೂ ನಡುವಿನ ಬಿಡುವೇ ಅವಳ ಅಭ್ಯಾಸದ ವೇಳೆ. ಅಥ್ಲೆಟಿಕ್ಸ್‌ನಲ್ಲಿ ಮೇಲೇರಿದವರಲ್ಲಿ ಹಾಸ್ಟೆಲ್ಲಿನವರು, ಊರಿನೊಳಗೇ ಮನೆಯಿದ್ದವರು ಹೆಚ್ಚಾಗಿರುವುದು ಇದರಿಂದಲೇ.

ಕೃಷಿಯ ಪಂಚಾಂಗವೂ ಕ್ರೀಡೆಯ ಪಂಚಾಂಗವೂ ಒಂದಕ್ಕೊಂದು ಅಡ್ಡ ಬರುತ್ತವೆ. ಅಂತರ ಕಾಲೇಜು ಪಂದ್ಯಗಳು ಬಿರುಸಾಗುವುದು ಮಳೆಗಾಲದ ಕೊನೆಗೆ. ಹಾಸನ ಸುತ್ತಿನ ಆಲೂಗೆಡ್ಡೆ ಕೀಳುವುದು, ಅರಕಲಗೂಡು ಕಡೆಯಲ್ಲಿ ಹೊಗೆಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸಿ ಬೇಯಿಸುವುದು ಅದೇ ತಿಂಗಳುಗಳಲ್ಲಿ. ಹೊಳೆನರಸೀಪುರದ ನಾಲೆ ಬಯಲಿನಲ್ಲಿ ಭತ್ತದ ಕೊಯ್ಲು, ಚನ್ನರಾಯಪಟ್ಟಣದ ಕಡೆ ರಾಗಿ ಕೊಯ್ಲು ವರ್ಷದ ಕೊನೆಯಲ್ಲಿ ಬೀಳುತ್ತವೆ. ವಿಶ್ವವಿದ್ಯಾನಿಲಯದ ತಂಡಗಳ ಆಯ್ಕೆಯೂ ಆಗಲೇ. ರೈತ ಕುಟುಂಬದ ಹುಡುಗಿಗೆ ಅದು ಕೈಗೆ ಬಿಡುವಿಲ್ಲದ ಕಾಲ. ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಪರೀಕ್ಷೆಯೂ ಇದೇ ಹೊತ್ತಿಗೆ ಬಂದು ಸೇರಿಕೊಂಡಿತು.

ಇಷ್ಟೆಲ್ಲದರ ನಡುವೆ ಕ್ರೀಡೆಯನ್ನು ಹಿಡಿದು ನಿಲ್ಲಿಸಿದವರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ವಿದ್ಯಾರ್ಥಿನಿಯರ ಬಾಯಲ್ಲಿ ‘ಪಿ.ಡಿ. ಸರ್’ ಅಥವಾ ‘ಪಿ.ಡಿ. ಮೇಡಂ’. ಕಾಲೇಜಿಗೆ ಒಂದೇ ಹುದ್ದೆ, ಅದೂ ಎಷ್ಟೋ ಬಾರಿ ಖಾಲಿ. ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬಂದು ಸುಣ್ಣ ಹಾಕುವುದು, ಉದ್ದ ಜಿಗಿತದ ಗುಂಡಿಯ ಮರಳು ಕೆದಕಿ ಸಡಿಲ ಮಾಡುವುದು, ಹರಿದ ಬಲೆ ಕಟ್ಟುವುದು, ಅರ್ಹತಾ ಪತ್ರ ತುಂಬಿ ಪ್ರಾಂಶುಪಾಲರ ರುಜು ಹಾಕಿಸುವುದು, ಹಾಜರಾತಿ ರಿಯಾಯಿತಿಗೆ ವಿಭಾಗದಿಂದ ವಿಭಾಗಕ್ಕೆ ಓಡಾಡುವುದು ಎಲ್ಲವೂ ಅವರ ಪಾಲು. ದಾಖಲಾತಿ ಶುಲ್ಕದಲ್ಲಿ ಸೇರಿರುವ ಕ್ರೀಡಾ ಶುಲ್ಕದಿಂದ ಚೆಂಡು, ಜೆರ್ಸಿ, ಪ್ರಯಾಣ, ಭತ್ಯೆ ಎಲ್ಲವನ್ನೂ ತೂಗಿಸಬೇಕು. ಎಲ್ಲಕ್ಕಿಂತ ಕಷ್ಟದ್ದು ಹುಡುಗಿಯ ಮನೆಗೆ ಹೋಗಿ ಅಪ್ಪ–ಅಮ್ಮನನ್ನು ಒಪ್ಪಿಸುವುದು. ಮಹಿಳಾ ಕಾಲೇಜಿನಲ್ಲಿ ಮಹಿಳೆಯೇ ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದಾಗ ಆ ಒಪ್ಪಿಗೆ ಬೇಗ ಸಿಕ್ಕಿದೆ. ಮುಟ್ಟಿನ ನೋವು, ರಕ್ತಹೀನತೆ, ಸರಿಯಾದ ಒಳ ಉಡುಪುಗಳಂಥ ವಿಷಯಗಳನ್ನು ಹುಡುಗಿಯರು ಬಾಯಿಬಿಟ್ಟು ಹೇಳಿಕೊಂಡದ್ದೂ ಆಗಲೇ. ಇಂಥ ಹುದ್ದೆಗಳಿಗೆ ಮಹಿಳೆಯರ ನೇಮಕ ತಡವಾಗಿ, ವಿರಳವಾಗಿ ಆದದ್ದು ಈ ಚರಿತ್ರೆಯ ದೊಡ್ಡ ಕೊರತೆ.

ಉದ್ಯೋಗದ ಆಸೆ ಮನೆಗಳ ಮನಸ್ಸನ್ನು ಬದಲಿಸಿತು. ರೈಲ್ವೆ, ಪೊಲೀಸ್, ಅರೆಸೇನಾ ಪಡೆಗಳ ಕ್ರೀಡಾ ಕೋಟಾ, ಬಿ.ಪಿ.ಎಡ್. ಓದಿ ದೈಹಿಕ ಶಿಕ್ಷಕಿಯಾಗುವ ದಾರಿ ಇವು ಕ್ರೀಡಾ ಪ್ರಮಾಣಪತ್ರಕ್ಕೆ ಬೆಲೆ ತಂದವು. ರಾಜ್ಯದ ಹುಡುಗಿಯರ ಸಾಧನೆಗಳೂ ಕಣ್ಣೆದುರಿಗಿದ್ದವು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 4x100 ರಿಲೇ ಕಂಚು ಗೆದ್ದ ತಂಡದಲ್ಲಿ ಎಚ್.ಎಂ. ಜ್ಯೋತಿ ಓಡಿದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಸೇರಿದ ಮಹಿಳಾ ಕಬಡ್ಡಿಯಲ್ಲಿ ಭಾರತ ಚಿನ್ನ ಗೆದ್ದಾಗ ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ತಂಡದಲ್ಲಿದ್ದರು. 2012ರಲ್ಲಿ ಸಹನಾ ಕುಮಾರಿ ಎತ್ತರ ಜಿಗಿತದಲ್ಲಿ 1.92 ಮೀಟರ್ ಏರಿ ರಾಷ್ಟ್ರೀಯ ದಾಖಲೆ ಬರೆದು ಲಂಡನ್ ಒಲಿಂಪಿಕ್ಸ್‌ಗೆ ಹೋದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಆಡಿದರು. ಇವರಲ್ಲಿ ಹಾಸನದ ಹುಡುಗಿಯರಿಗೆ ತೀರಾ ಹತ್ತಿರದವರು ಚೈತ್ರಾ. ಹಳ್ಳಿಯ ಮಣ್ಣಿನ ಅಂಕಣದಿಂದ ವಿಶ್ವಕಪ್ಪಿಗೆ ದಾರಿಯಿದೆ ಎಂಬುದನ್ನು ಅವರು ತೋರಿಸಿದರು.

ಪ್ರತಿಭೆ ಹೊರಗೆ ಹರಿದುಹೋಗುವುದು ಈಚಿನ ದಶಕಗಳ ಬೆಳವಣಿಗೆ. ಪ್ರೌಢಶಾಲೆಯಲ್ಲೇ ಮಿಂಚಿದ ಹುಡುಗಿ ರಾಜ್ಯ ಸರ್ಕಾರದ ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆಯಾಗುತ್ತಾಳೆ. ಪಿಯುಸಿ, ಪದವಿಗೆ ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳು ಕ್ರೀಡಾ ದತ್ತು ಯೋಜನೆಯಲ್ಲಿ ಊಟ, ವಸತಿ, ಶಿಕ್ಷಣ ಕೊಟ್ಟು ಕರೆಯುತ್ತವೆ. ಆ ಹುಡುಗಿಗೆ ಅದು ಒಳ್ಳೆಯದೇ. ಊರಿನ ಮಹಿಳಾ ಕಾಲೇಜಿಗೆ ಉಳಿಯುವವರು ಪದವಿಗೆ ಬಂದ ಮೇಲಷ್ಟೇ ಮೈದಾನ ಕಂಡವರು. ಮೂರು ವರ್ಷಗಳಲ್ಲಿ ಅವರನ್ನು ಶೂನ್ಯದಿಂದ ವಿಶ್ವವಿದ್ಯಾನಿಲಯದ ತಂಡದವರೆಗೆ ತರುವ ಕಾಲೇಜಿನ ಶ್ರಮಕ್ಕೆ, ಸಿದ್ಧ ಆಟಗಾರ್ತಿಯರನ್ನು ಕಲೆಹಾಕಿದ ತಂಡದ ಪದಕಕ್ಕಿಂತ ಹೆಚ್ಚಿನ ತೂಕ ಸಲ್ಲಬೇಕು.

2021–22ರಲ್ಲಿ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ಪಠ್ಯಕ್ರಮ ಬಂದಾಗ ದೈಹಿಕ ಶಿಕ್ಷಣ, ಯೋಗಗಳಿಗೆ ಕ್ರೆಡಿಟ್ ದೊರೆಯಿತು. ಆಡದ ಹುಡುಗಿಯರೂ ಮೈದಾನಕ್ಕೆ ಇಳಿಯುವಂತಾಯಿತು. 2024–25ರಿಂದ ಪಠ್ಯಕ್ರಮ ಮತ್ತೆ ಬದಲಾಯಿತು. ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟ 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾಗಿ, ಎರಡನೆಯದು 2022ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಅರಕಲಗೂಡಿನಿಂದ ಹಾಸನದ ಕ್ರೀಡಾಂಗಣಕ್ಕೆ ಬಂದು ಹೋಗುವ ಖರ್ಚು ಹುಡುಗಿಯ ತಲೆಯಿಂದ ಇಳಿಯಿತು. ಕೊನೆಯ ಬಸ್ಸಿನ ವೇಳೆ ಮಾತ್ರ ಹಾಗೆಯೇ ಇದೆ.

ಅದೇ 2023ರಲ್ಲಿ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರವನ್ನು ನೆಲೆಯಾಗಿಟ್ಟುಕೊಂಡು ಹಾಸನ ವಿಶ್ವವಿದ್ಯಾನಿಲಯ ಕಾರ್ಯಾರಂಭ ಮಾಡಿತು. ಹೊಸದಾಗಿ ಅದರ ವ್ಯಾಪ್ತಿಗೆ ಬಂದ ಜಿಲ್ಲೆಯ ಕಾಲೇಜುಗಳಿಗೆ ಅಂತರ ಕಾಲೇಜು ಕೂಟ ಮೈಸೂರಿನ ಬದಲು ಜಿಲ್ಲೆಯೊಳಗೇ ಸೇರುತ್ತದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ವಿದ್ಯಾರ್ಥಿನಿ ಬೆಳಿಗ್ಗೆ ಮನೆಯಿಂದ ಹೊರಟು, ತನ್ನ ಸ್ಪರ್ಧೆ ಮುಗಿಸಿ, ಸಂಜೆ ಮನೆಗೆ ಮರಳಬಹುದು. ಒಪ್ಪಿಗೆ ಪತ್ರ, ಪರವೂರಿನ ರಾತ್ರಿ, ಜೊತೆಯ ಅಧ್ಯಾಪಕಿ ಬೇಕಾಗುವುದು ಇನ್ನು ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆಯಾಗಿ ದಕ್ಷಿಣ ವಲಯದ ಕೂಟಕ್ಕೆ ಹೊರಟಾಗ ಮಾತ್ರ.